ಬಿಟ್ಟುಬಿಟ್ಟು ಕೈಕೊಡುತ್ತಿದ್ದ ಎನ್‌ಎಫ್‌ಎಸ್ ಮೌಂಟ್: ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಪ್ರಕರಣ ನಡೆದದ್ದು ಸಂಶೋಧಕರು ಹಂಚಿಕೊಂಡು ಬಳಸುವ ಒಂದು ಕಂಪ್ಯೂಟಿಂಗ್ ಪ್ರಯೋಗಾಲಯದಲ್ಲಿ. ಸಂಸ್ಥೆಯ ಹೆಸರು, ಯಂತ್ರಗಳ ಹೆಸರು, ನೆಟ್‌ವರ್ಕ್ ವಿಳಾಸಗಳು ಮತ್ತು ಅಲ್ಲಿ ಕೆಲಸ ಮಾಡಿದವರ ಗುರುತು ತಿಳಿಯುವಂಥ ವಿವರಗಳನ್ನು ಬಿಟ್ಟಿದ್ದೇನೆ. ತಾಂತ್ರಿಕವಾಗಿ ಏನಾಯಿತು ಎಂಬುದನ್ನು ಮಾತ್ರ ಇದ್ದಂತೆಯೇ ಬರೆದಿದ್ದೇನೆ. ಆ ದೋಷದ ಬೆನ್ನು ಹತ್ತಿದ ಮೂವರ ತಂಡದಲ್ಲಿ ನಾನೂ ಒಬ್ಬನಾಗಿದ್ದೆ.

ವ್ಯವಸ್ಥೆ ಸರಳವಾಗಿತ್ತು. ಒಂದು ಲಿನಕ್ಸ್ ಫೈಲ್ ಸರ್ವರ್ ಎಲ್ಲರ ಹೋಮ್ ಡೈರೆಕ್ಟರಿಗಳನ್ನೂ ಯೋಜನೆಗಳ ದತ್ತಾಂಶವನ್ನೂ ಎನ್‌ಎಫ್‌ಎಸ್ ಎಂಬ, ನೆಟ್‌ವರ್ಕ್‌ನಲ್ಲಿ ಕಡತ ಹಂಚುವ ವಿಧಾನದ ಮೂಲಕ ಹಂಚುತ್ತಿತ್ತು. ಬಳಕೆಯಲ್ಲಿದ್ದದ್ದು 1995ರಲ್ಲಿ ಪ್ರಕಟವಾದ ಮೂರನೇ ಆವೃತ್ತಿ. ಕ್ಲೈಂಟ್ ಯಂತ್ರಗಳಲ್ಲಿ, ಅಂದರೆ ಬಳಕೆದಾರರ ಯಂತ್ರಗಳಲ್ಲಿ, ಆಟೋಎಫ್‌ಎಸ್ ಎಂಬ ಪ್ರೋಗ್ರಾಂ ಓಡುತ್ತಿತ್ತು. ಬಳಕೆದಾರರು ಫೋಲ್ಡರಿಗೆ ಕಾಲಿಟ್ಟ ಕ್ಷಣದಲ್ಲಿ ಅದು ಆ ಫೋಲ್ಡರನ್ನು ಮೌಂಟ್ ಮಾಡುತ್ತಿತ್ತು, ಅಂದರೆ ಸರ್ವರಿನಿಂದ ಯಂತ್ರಕ್ಕೆ ಜೋಡಿಸುತ್ತಿತ್ತು, ಐದು ನಿಮಿಷ ಯಾರೂ ಬಳಸದಿದ್ದರೆ ಕಳಚಿಹಾಕುತ್ತಿತ್ತು. ಹೀಗಾಗಿ ಒಂದೇ ಯಂತ್ರ ದಿನದಲ್ಲಿ ಹತ್ತಾರು ಬಾರಿ ಹೊಸದಾಗಿ ಮೌಂಟ್ ಕೋರಿಕೆ ಕಳುಹಿಸುತ್ತಿತ್ತು. ಯಾವ ಯಂತ್ರಕ್ಕೆ ಪ್ರವೇಶ ಕೊಡಬೇಕು ಎಂಬುದನ್ನು ಸರ್ವರಿನ ಎಕ್ಸ್‌ಪೋರ್ಟ್ ಕಡತದಲ್ಲಿ ಹೆಸರಿನ ಮಾದರಿಯಾಗಿ ಬರೆದಿದ್ದರು: ನಕ್ಷತ್ರ ಚಿಹ್ನೆ, ಅದರ ಮುಂದೆ ಪ್ರಯೋಗಾಲಯದ ಡೊಮೇನ್ ಹೆಸರು. ಆ ಡೊಮೇನಿಗೆ ಸೇರಿದ ಯಾವ ಯಂತ್ರ ಬಂದರೂ ಬಾಗಿಲು ತೆರೆಯಬೇಕು ಎಂಬುದು ಅದರ ಅರ್ಥ. ಹಲವು ವರ್ಷ ಈ ಸಾಲು ಯಾರಿಗೂ ತೊಂದರೆ ಕೊಟ್ಟಿರಲಿಲ್ಲ.

ದೂರುಗಳು ಶುರುವಾಗುವ ಸುಮಾರು ಎರಡು ತಿಂಗಳ ಮೊದಲು ಪ್ರಯೋಗಾಲಯಕ್ಕೆ ಹೊಸ ಯಂತ್ರಗಳು ಬಂದವು. ಹಳೆಯ ಸಬ್‌ನೆಟ್‌ನಲ್ಲಿ, ಅಂದರೆ ನೆಟ್‌ವರ್ಕ್‌ನ ಹಳೆಯ ಭಾಗದಲ್ಲಿ, ವಿಳಾಸಗಳು ಮುಗಿದಿದ್ದರಿಂದ ಅವುಗಳಿಗಾಗಿ ಖಾಸಗಿ ವಿಳಾಸ ಶ್ರೇಣಿಯಲ್ಲೇ ಎರಡನೆಯ ಸಬ್‌ನೆಟ್ ಒಂದನ್ನು ತೆರೆಯಲಾಯಿತು. ಹೊಸ ಯಂತ್ರಗಳನ್ನು ಜೋಡಿಸಿದ ದಿನ ಎಲ್ಲವನ್ನೂ ಪರೀಕ್ಷಿಸಲಾಗಿತ್ತು, ಎಲ್ಲವೂ ಸರಿಯಾಗಿಯೇ ಮೌಂಟ್ ಆಗಿದ್ದವು.

ಸಮಸ್ಯೆ

ಮೊದಲು ಬಂದ ದೂರು ಬಹಳ ಮಸುಕಾಗಿತ್ತು: ‘ಬೆಳಿಗ್ಗೆ ಫೋಲ್ಡರ್ ತೆರೆಯಲಿಲ್ಲ, ಆಮೇಲೆ ತೆರೆಯಿತು.’ ಇಂಥ ದೂರನ್ನು ಪರಿಶೀಲಿಸಲು ಹೋಗುವಷ್ಟರಲ್ಲಿ ಎಲ್ಲವೂ ಸರಿಹೋಗಿರುತ್ತಿತ್ತು. ವಾರದಲ್ಲಿ ಮೂರು ನಾಲ್ಕು ದಿನ, ಹೆಚ್ಚಾಗಿ ಬೆಳಗಿನ ಹೊತ್ತು, ಕೆಲವರಿಗೆ ಮಾತ್ರ, ಅದೂ ಪ್ರತಿದಿನ ಬೇರೆಬೇರೆಯವರಿಗೆ. ಕೆಲವು ಯಂತ್ರಗಳ ಪರದೆಯ ಮೇಲೆ ‘ಆಕ್ಸೆಸ್ ಡಿನೈಡ್ ಬೈ ಸರ್ವರ್’ ಎಂದು ಬರುತ್ತಿತ್ತು, ಇನ್ನು ಕೆಲವಕ್ಕೆ ‘ಕನೆಕ್ಷನ್ ಟೈಮ್ಡ್ ಔಟ್’. ದೂರು ಬರೆದುಕೊಳ್ಳುತ್ತಿದ್ದವರು ಈ ಎರಡನ್ನೂ ‘ಮೌಂಟ್ ಆಗುತ್ತಿಲ್ಲ’ ಎಂಬ ಒಂದೇ ಶೀರ್ಷಿಕೆಯಡಿ ಸೇರಿಸುತ್ತಿದ್ದರು.

ಇದು ಸಣ್ಣ ತಪ್ಪಲ್ಲ ಎಂಬುದು ನನ್ನ ಅಭಿಪ್ರಾಯ. ಮೊದಲನೆಯದು ಸರ್ವರ್ ಕೋರಿಕೆಯನ್ನು ಪಡೆದು, ಯೋಚಿಸಿ, ‘ಇಲ್ಲ’ ಎಂದ ಉತ್ತರ. ಎರಡನೆಯದು ಉತ್ತರವೇ ಬಾರದಿರುವ ಸ್ಥಿತಿ. ಮೊದಲನೆಯದರಲ್ಲಿ ದಾರಿ ತೆರೆದಿದೆ, ತೀರ್ಪು ತಪ್ಪಾಗಿದೆ; ಎರಡನೆಯದರಲ್ಲಿ ದಾರಿಯಲ್ಲೇ ಏನೋ ಆಗಿದೆ, ಇಲ್ಲವೇ ಆ ತುದಿಯಲ್ಲಿ ಕುಳಿತವನಿಗೆ ಬಿಡುವಿಲ್ಲ. ಕ್ಲೈಂಟ್ ಕೂಡ ಇವೆರಡನ್ನೂ ಬೇರೆಬೇರೆಯಾಗಿಯೇ ಕಾಣುತ್ತದೆ. ಟೈಮ್‌ಔಟ್ ಆದರೆ ಅದು ತಾತ್ಕಾಲಿಕ ದೋಷವೆಂದು ಬಗೆದು ಮೌಂಟ್ ಆಜ್ಞೆ ಸಾಮಾನ್ಯವಾಗಿ 2 ನಿಮಿಷ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಪ್ರವೇಶ ನಿರಾಕರಿಸಿದರೆ ಅದನ್ನು ಅಂತಿಮವೆಂದು ಒಪ್ಪಿಕೊಂಡು ಒಡನೆಯೇ ಕೈಬಿಡುತ್ತದೆ.

ಇದರ ಜೊತೆಗೇ ಇನ್ನೊಂದು ಬಗೆಯ ದೂರು ಪ್ರತ್ಯೇಕವಾಗಿ ದಾಖಲಾಗುತ್ತಿತ್ತು: ‘ಬೆಳಿಗ್ಗೆ ಲಾಗಿನ್ ನಿಧಾನ.’ ಅದು ಹಳೆಯ ಯಂತ್ರಗಳಿಂದ ಬರುತ್ತಿತ್ತು, ಅದನ್ನು ಬೇರೊಬ್ಬರು ನೋಡಿಕೊಳ್ಳುತ್ತಿದ್ದರು. ಎರಡೂ ಒಂದೇ ಬೇರಿನ ಚಿಗುರುಗಳೆಂದು ನಮಗೆ ತಿಳಿಯಲು ಮೂರು ವಾರ ಬೇಕಾಯಿತು.

ಮೊದಲ ಪ್ರಯತ್ನಗಳು

ಮೊದಲ ವಾರ ನಾವು ಮಾಡಿದ್ದು ಸೇವೆಯನ್ನು ಮರುಪ್ರಾರಂಭಿಸುವುದು. ದೂರು ಬಂದ ಅರ್ಧ ಗಂಟೆಯ ನಂತರ ಎನ್‌ಎಫ್‌ಎಸ್ ಸೇವೆಯನ್ನು ನಿಲ್ಲಿಸಿ ಮತ್ತೆ ಶುರುಮಾಡಿದರೆ ಎಲ್ಲವೂ ಸರಿಹೋಗುತ್ತಿತ್ತು. ಎರಡು ಮೂರು ಬಾರಿ ಹೀಗಾದ ಮೇಲೆ ಇದೇ ಮದ್ದು ಎಂಬ ನಂಬಿಕೆ ಬೇರೂರಿತು. ನಿಜವಾಗಿ ಅಷ್ಟು ಹೊತ್ತಿಗೆ ತೊಂದರೆಯ ಅವಧಿಯೇ ಮುಗಿದಿರುತ್ತಿತ್ತು. ನಾವು ಏನೂ ಮಾಡದೆ ಕುಳಿತಿದ್ದರೂ ಅದು ಸರಿಹೋಗುತ್ತಿತ್ತು.

ಆಮೇಲೆ ಸರ್ವರಿಗೆ ಭಾರ ಹೆಚ್ಚಾಗಿದೆಯೇನೋ ಎಂದು ಎನ್‌ಎಫ್‌ಎಸ್ ಥ್ರೆಡ್‌ಗಳ (ಏಕಕಾಲಕ್ಕೆ ಕೆಲಸ ಮಾಡುವ ಎಳೆಗಳ) ಸಂಖ್ಯೆಯನ್ನು 8ರಿಂದ 64ಕ್ಕೆ ಏರಿಸಿದೆವು. ಯಾವ ವ್ಯತ್ಯಾಸವೂ ಆಗಲಿಲ್ಲ. ಆಗಬೇಕಾದ ಕಾರಣವೂ ಇರಲಿಲ್ಲ, ಏಕೆಂದರೆ ಆ ಥ್ರೆಡ್‌ಗಳು ನೋಡಿಕೊಳ್ಳುವುದು ಮೌಂಟ್ ಆದ ಮೇಲಿನ ಓದು, ಬರಹದ ಕೆಲಸವನ್ನು. ಮೂರನೇ ಆವೃತ್ತಿಯಲ್ಲಿ ಮೌಂಟ್ ಕೋರಿಕೆಗೆ ಉತ್ತರ ಕೊಡುವುದು ಮೌಂಟ್‌ಡಿ ಎಂಬ ಬೇರೆಯೇ ಪ್ರೋಗ್ರಾಂ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಆಯಿತು ನಮ್ಮ ಕೆಲಸ.

ಮೂರನೆಯ ಅನುಮಾನ ಫೈರ್‌ವಾಲ್ ಮೇಲೆ. ಮೌಂಟ್‌ಡಿಯ ಪೋರ್ಟನ್ನು, ಅಂದರೆ ಅದು ಕೋರಿಕೆ ಪಡೆಯುವ ಬಾಗಿಲಿನ ಸಂಖ್ಯೆಯನ್ನು, ನಿಗದಿಪಡಿಸದಿದ್ದರೆ ಅದು ಪ್ರತಿ ಬಾರಿ ಶುರುವಾದಾಗಲೂ ಬೇರೆ ಪೋರ್ಟ್ ಹಿಡಿಯಬಹುದು, ಫೈರ್‌ವಾಲ್ ಅದನ್ನು ತಡೆಯಬಹುದು. ನಮ್ಮ ಸರ್ವರಿನಲ್ಲಿ ಅದು 20048ಕ್ಕೆ ನಿಗದಿಯಾಗಿತ್ತು, ನಿಯಮಗಳಲ್ಲಿ ಆ ಪೋರ್ಟ್ ತೆರೆದೇ ಇತ್ತು. ಈ ದಾರಿ ಅರ್ಧ ದಿನದಲ್ಲಿ ಮುಚ್ಚಿತು.

ನಾಲ್ಕನೆಯದು ಸ್ವಲ್ಪ ಆಳದ ಅನುಮಾನ, ಅದನ್ನು ಮುಂದಿಟ್ಟ ಸಹೋದ್ಯೋಗಿಯ ತರ್ಕ ಇಂದಿಗೂ ನನಗೆ ಮೆಚ್ಚುಗೆಯೇ. ಲಿನಕ್ಸ್ ಕ್ಲೈಂಟ್ ಎನ್‌ಎಫ್‌ಎಸ್ ಸಂಪರ್ಕಕ್ಕೆ 1024ಕ್ಕಿಂತ ಕೆಳಗಿನ ಪೋರ್ಟ್‌ಗಳನ್ನು ಬಳಸುತ್ತದೆ. ಕರ್ನಲ್ (ಕಾರ್ಯವ್ಯವಸ್ಥೆಯ ತಿರುಳು) ತನಗಾಗಿ ಇಟ್ಟುಕೊಳ್ಳುವ ಶ್ರೇಣಿ ಸಾಮಾನ್ಯವಾಗಿ 665ರಿಂದ 1023, ಅಂದರೆ ಒಟ್ಟು 359 ಪೋರ್ಟ್‌ಗಳು. ಮುಚ್ಚಿದ ಟಿಸಿಪಿ ಸಂಪರ್ಕವೊಂದು ಲಿನಕ್ಸ್‌ನಲ್ಲಿ 60 ಸೆಕೆಂಡ್ ಟೈಮ್‌ವೇಟ್ ಸ್ಥಿತಿಯಲ್ಲಿ, ಪೋರ್ಟನ್ನು ಬಿಟ್ಟುಕೊಡದೆ, ಉಳಿಯುತ್ತದೆ. ಆಟೋಎಫ್‌ಎಸ್ ಒಂದೇ ಉಸಿರಿನಲ್ಲಿ ನೂರಾರು ಮೌಂಟ್ ಮಾಡಿದರೆ ಪೋರ್ಟ್‌ಗಳು ಮುಗಿದುಹೋಗಿ ಮೌಂಟ್ ಬಿಟ್ಟುಬಿಟ್ಟು ವಿಫಲವಾಗುವುದು ಸಾಧ್ಯ, ಇಂಥ ಪ್ರಕರಣಗಳು ನಿಜಕ್ಕೂ ಇವೆ. ಆದರೆ ಹೊಸ ಯಂತ್ರಗಳಲ್ಲಿ ಪ್ರತಿ ನಿಮಿಷವೂ ಸಂಪರ್ಕಗಳನ್ನು ಎಣಿಸುವ ಸಣ್ಣ ಸ್ಕ್ರಿಪ್ಟ್ ಇಟ್ಟು ನೋಡಿದಾಗ, ವೈಫಲ್ಯದ ಹೊತ್ತಿನಲ್ಲೂ ಬಳಕೆಯಲ್ಲಿದ್ದ ಪೋರ್ಟ್‌ಗಳು ಇಪ್ಪತ್ತನ್ನು ದಾಟಿರಲಿಲ್ಲ. ಊಹೆಯನ್ನು ಅಳತೆಯಿಂದ ತಳ್ಳಿಹಾಕಿದ್ದು ಈ ಪ್ರಕರಣದಲ್ಲಿ ಇದೇ ಮೊದಲು. ಅಲ್ಲಿಂದ ಮುಂದೆ ನಮ್ಮ ಕೆಲಸದ ರೀತಿಯೇ ಬದಲಾಯಿತು.

ಮರುಪ್ರಾರಂಭ ತಿರುಗಿಬಿದ್ದ ದಿನ

ಎರಡನೇ ವಾರದ ಕೊನೆಯಲ್ಲಿ ದೂರು ಎಂದಿಗಿಂತ ಬೇಗ, 9 ಗಂಟೆ 10 ನಿಮಿಷಕ್ಕೆ ಬಂತು. ರೂಢಿಯಂತೆ ಒಬ್ಬರು ತಡಮಾಡದೆ ಸೇವೆಯನ್ನು ಮರುಪ್ರಾರಂಭಿಸಿದರು. ಈ ಬಾರಿ ಸರಿಹೋಗಲಿಲ್ಲ, ಉಲ್ಬಣಿಸಿತು: ಅಲ್ಲಿಯವರೆಗೆ ಸುಮ್ಮನೆ ಕೆಲಸ ಮಾಡಿಕೊಂಡಿದ್ದ ಯಂತ್ರಗಳಿಂದಲೂ ದೂರು ಬರತೊಡಗಿತು.

ಅಂದು ಎಲ್ಲರಿಗೂ ಕಸಿವಿಸಿಯಾಯಿತು, ಆದರೆ ನಮಗೆ ಸಿಕ್ಕ ಮೊದಲ ಗಟ್ಟಿ ಸುಳಿವು ಅದೇ. ಮರುಪ್ರಾರಂಭದಿಂದ ಏನು ಅಳಿಸಿಹೋಗುತ್ತದೆ ಎಂದು ಕೇಳಿಕೊಂಡೆವು. ಸರ್ವರಿನ ಕರ್ನಲ್ ‘ಈ ವಿಳಾಸದ ಯಂತ್ರಕ್ಕೆ ಪ್ರವೇಶ ಇದೆಯೇ’ ಎಂಬ ಪ್ರಶ್ನೆಯನ್ನು ಮೌಂಟ್‌ಡಿಗೆ ಕೇಳಿ, ಬಂದ ಉತ್ತರವನ್ನು 30 ನಿಮಿಷ ನೆನಪಿಟ್ಟುಕೊಳ್ಳುತ್ತದೆ. ಸೇವೆಯನ್ನು ನಿಲ್ಲಿಸಿದಾಗ ಆ ನೆನಪೆಲ್ಲ ಅಳಿದು, ಪ್ರತಿಯೊಂದು ಯಂತ್ರದ ಬಗ್ಗೆಯೂ ಮತ್ತೆ ಕೇಳಬೇಕಾಗುತ್ತದೆ. ನೆನಪು ಅಳಿದ ಮೇಲೆ ಸ್ಥಿತಿ ಕೆಟ್ಟಿತೆಂದರೆ, ಆ ಹೊತ್ತಿನಲ್ಲಿ ಹೊಸದಾಗಿ ಕೇಳಿದ ಪ್ರಶ್ನೆಗೆ ತಪ್ಪು ಉತ್ತರ ಬರುತ್ತಿದೆ ಎಂದಾಯಿತು. ಹಾಗಾದರೆ ಹುಡುಕಬೇಕಾದದ್ದು ಡಿಸ್ಕನ್ನಲ್ಲ, ಕೇಬಲನ್ನಲ್ಲ, ‘ನೀನು ಯಾರು’ ಎಂದು ಸರ್ವರ್ ತೀರ್ಮಾನಿಸುವ ಜಾಗವನ್ನು.

ಅಂದೇ ಮಧ್ಯಾಹ್ನ ಸರ್ವರಿನ ಲಾಗ್ ಕಡತಗಳನ್ನು ಮೊದಲಿನಿಂದ ಓದಿದೆವು. ಮೌಂಟ್‌ಡಿಯ ಸಂದೇಶಗಳು ನಾವು ದಿನವೂ ನೋಡುವ ಕಡತಕ್ಕೆ ಹೋಗದೆ ಬೇರೊಂದಕ್ಕೆ ಹೋಗುತ್ತಿದ್ದವು. ಅಲ್ಲಿ ಪ್ರತಿ ನಿರಾಕರಣೆಯ ಎದುರೂ ‘ಅನ್‌ಮ್ಯಾಚ್ಡ್ ಹೋಸ್ಟ್’ ಎಂದು ಬರೆದಿತ್ತು. ಎಕ್ಸ್‌ಪೋರ್ಟ್ ಕಡತದ ಯಾವ ಸಾಲಿಗೂ ಈ ಯಂತ್ರ ಹೊಂದಲಿಲ್ಲ ಎಂದು ಸರ್ವರ್ ಎರಡು ವಾರದಿಂದ ಹೇಳುತ್ತಲೇ ಇತ್ತು. ನಿರಾಕರಿಸಲ್ಪಟ್ಟ ವಿಳಾಸಗಳನ್ನು ಬೇರ್ಪಡಿಸಿ ನೋಡಿದರೆ ಎಲ್ಲವೂ ಹೊಸ ಸಬ್‌ನೆಟ್‌ನವು. ‘ಪ್ರತಿದಿನ ಬೇರೆಬೇರೆಯವರಿಗೆ’ ಎಂಬ ನಮ್ಮ ತಿಳಿವಳಿಕೆ ಅಲ್ಲಿಗೆ ಬಿದ್ದುಹೋಯಿತು.

ಐದು ಸೆಕೆಂಡಿನ ಮೌನ

ಸರ್ವರಿನಲ್ಲಿ ನೆಟ್‌ವರ್ಕ್ ಸಂಚಾರವನ್ನು ದಾಖಲಿಸುವ ಟಿಸಿಪಿಡಂಪ್ ಇಟ್ಟು 111, 20048 ಮತ್ತು 2049 ಪೋರ್ಟ್‌ಗಳ ಸಂಚಾರವನ್ನು ಹಿಡಿದೆವು. ಮೊದಲ ದಿನ ಒಂದು ವಿಚಿತ್ರ ಕಂಡಿತು: ಬಳಕೆದಾರರು ‘ಈಗಷ್ಟೇ ಮತ್ತೆ ಪ್ರಯತ್ನಿಸಿದೆ, ಆಗಲಿಲ್ಲ’ ಎಂದು ಫೋನಿನಲ್ಲಿ ಹೇಳುತ್ತಿದ್ದರೂ ಸರ್ವರಿಗೆ ಒಂದು ಪ್ಯಾಕೆಟ್ ಕೂಡ ಬರುತ್ತಿರಲಿಲ್ಲ. ನೆಟ್‌ವರ್ಕ್ ದಾರಿಯಲ್ಲೇ ಪ್ಯಾಕೆಟ್ ಕಳೆದುಹೋಗುತ್ತಿದೆ ಎಂದು ಒಂದು ಗಂಟೆ ದಾರಿ ತಪ್ಪಿದೆವು. ಅದು ಆಟೋಎಫ್‌ಎಸ್‌ನ ನಡವಳಿಕೆ. ಮೌಂಟ್ ಒಮ್ಮೆ ವಿಫಲವಾದರೆ ಅದು ಆ ವೈಫಲ್ಯವನ್ನು 60 ಸೆಕೆಂಡ್ ನೆನಪಿಟ್ಟುಕೊಂಡು, ಆ ಅವಧಿಯಲ್ಲಿ ಎಷ್ಟು ಸಲ ಕೇಳಿದರೂ ಸರ್ವರನ್ನು ಮುಟ್ಟದೆ ತಾನೇ ‘ಇಲ್ಲ’ ಎನ್ನುತ್ತದೆ. ಪರೀಕ್ಷೆಗಾಗಿ ಆಟೋಎಫ್‌ಎಸ್‌ ಅನ್ನು ಬದಿಗಿಟ್ಟು, ಮೌಂಟ್ ಆಜ್ಞೆಯನ್ನು ಕೈಯಿಂದಲೇ ಕೊಡಲು ಆಗ ನಿರ್ಧರಿಸಿದೆವು.

ಮರುದಿನ ಬೆಳಿಗ್ಗೆ ಹಿಡಿದ ಪ್ಯಾಕೆಟ್‌ಗಳನ್ನು ವೈರ್‌ಶಾರ್ಕ್‌ನಲ್ಲಿ ತೆರೆದಾಗ ಕಂಡದ್ದು ಇಂದಿಗೂ ಕಣ್ಣ ಮುಂದಿದೆ. ಮೌಂಟ್ ಕೋರಿಕೆ ಬಂದಿದೆ. ಅದರ ಕೆಳಗಿನ ಸಾಲಿನಲ್ಲಿ ದೋಷಸಂಖ್ಯೆ 13, ಅಂದರೆ ಪ್ರವೇಶ ನಿರಾಕರಣೆ. ಎರಡರ ನಡುವಿನ ಅಂತರ 5 ಸೆಕೆಂಡಿಗಿಂತ ಕೂದಲೆಳೆಯಷ್ಟು ಹೆಚ್ಚು. ಇನ್ನೊಂದು ವೈಫಲ್ಯವನ್ನು ನೋಡಿದೆವು: ಮತ್ತೆ 5 ಸೆಕೆಂಡ್. ಮೂರನೆಯದು, ನಾಲ್ಕನೆಯದು, ಎಲ್ಲವೂ ಹಾಗೆಯೇ. ಭಾರದಿಂದ ಆಗುವ ವಿಳಂಬ ಇಷ್ಟು ಅಚ್ಚುಕಟ್ಟಾಗಿರುವುದಿಲ್ಲ. ಅದು ಒಮ್ಮೆ ಎರಡು, ಒಮ್ಮೆ ಏಳು, ಒಮ್ಮೆ ಅರ್ಧ ಸೆಕೆಂಡ್ ಆಗಿರುತ್ತದೆ. ಪ್ರತಿ ಬಾರಿಯೂ ದುಂಡಾದ ಒಂದೇ ಸಂಖ್ಯೆ ಬಂದರೆ ಯಾವುದೋ ಪ್ರೋಗ್ರಾಂ ಯಾರಿಗೋ ಕಾದು, ಗಡುವು ಮುಗಿದ ಮೇಲೆ ಮುಂದಕ್ಕೆ ಹೋಗಿದೆ ಎಂದೇ ತಿಳಿಯಬೇಕು. ಲಿನಕ್ಸ್‌ನಲ್ಲಿ ಹೆಸರು ಹುಡುಕುವ ರಿಸಾಲ್ವರ್, ಹೆಸರು ಮತ್ತು ವಿಳಾಸಗಳ ನಂಟು ತಿಳಿಸುವ ಒಂದು ಡಿಎನ್‌ಎಸ್ ಸರ್ವರಿಗಾಗಿ ಕಾಯುವ ಗಡುವು, ಯಾರೂ ಬದಲಾಯಿಸದಿದ್ದರೆ, 5 ಸೆಕೆಂಡ್.

ನಾವು ಹಿಡಿಯುತ್ತಿದ್ದ ಪೋರ್ಟ್‌ಗಳ ಪಟ್ಟಿಯಲ್ಲಿ ಡಿಎನ್‌ಎಸ್‌ನ 53 ಇರಲೇ ಇಲ್ಲ. ಅದನ್ನು ಸೇರಿಸಿ ಇನ್ನೊಂದು ಬೆಳಗಿಗಾಗಿ ಕಾದೆವು. ಈಗ ನಡುವಿನ ಮೌನದಲ್ಲಿ ಏನು ನಡೆಯುತ್ತಿತ್ತೆಂಬುದು ಪೂರ್ತಿ ಕಂಡಿತು. ಮೌಂಟ್ ಕೋರಿಕೆ ಬಂದ ಒಡನೆ ಫೈಲ್ ಸರ್ವರ್ ಮೊದಲನೆಯ ಡಿಎನ್‌ಎಸ್ ಸರ್ವರಿಗೆ ‘ಈ ವಿಳಾಸದ ಹೆಸರೇನು’ ಎಂದು ಕೇಳುತ್ತದೆ, ಉತ್ತರವಿಲ್ಲ. 5 ಸೆಕೆಂಡಿನ ನಂತರ ಅದೇ ಪ್ರಶ್ನೆ ಎರಡನೆಯ ಸರ್ವರಿಗೆ ಹೋಗುತ್ತದೆ, ಅದು ಕ್ಷಣಾರ್ಧದಲ್ಲಿ ‘ಅಂಥ ಹೆಸರೇ ಇಲ್ಲ’ ಎನ್ನುತ್ತದೆ. ಹೆಸರಿಲ್ಲದ ವಿಳಾಸ ಹೆಸರಿನ ಮಾದರಿಗೆ ಹೊಂದುವುದು ಹೇಗೆ? ಪ್ರವೇಶ ನಿರಾಕರಣೆ.

ಇಲ್ಲಿ ರಿಸಾಲ್ವರಿನ ಒಂದು ನಿಯಮವನ್ನು ಗಮನಿಸಬೇಕು. ಉತ್ತರ ಬಾರದಿದ್ದರೆ ಅದು ಪಟ್ಟಿಯ ಮುಂದಿನ ಸರ್ವರನ್ನು ಕೇಳುತ್ತದೆ; ‘ಇಲ್ಲ’ ಎಂಬುದೂ ಅದಕ್ಕೆ ಒಂದು ಪೂರ್ಣ ಉತ್ತರವೇ, ಅದನ್ನು ನಂಬಿ ಅಲ್ಲಿಗೇ ನಿಲ್ಲಿಸುತ್ತದೆ. ಹಾಗಾಗಿ ಅರ್ಧ ತಿಳಿದ ಎರಡನೆಯ ಸರ್ವರ್ ಇರುವುದಕ್ಕಿಂತ ಅದು ಇಲ್ಲದಿರುವುದೇ ಈ ಪ್ರಕರಣದಲ್ಲಿ ಲೇಸಾಗಿತ್ತು, ಏಕೆಂದರೆ ಆಗ ಮೊದಲನೆಯ ಸರ್ವರನ್ನೇ ಮತ್ತೊಮ್ಮೆ ಕೇಳುವ ಅವಕಾಶವಾದರೂ ಉಳಿಯುತ್ತಿತ್ತು.

ಎರಡನೆಯ ಸರ್ವರ್ ಏಕೆ ಹಾಗೆ ಹೇಳಿತು? ಹೊಸ ಸಬ್‌ನೆಟ್‌ನ ವಿಲೋಮ ವಲಯವನ್ನು, ಅಂದರೆ ವಿಳಾಸದಿಂದ ಹೆಸರಿಗೆ ಹೋಗುವ ದಾಖಲೆಗಳ ಗುಂಪನ್ನು, ಮೊದಲನೆಯ ಸರ್ವರಿನಲ್ಲಿ ಮಾತ್ರ ಸೇರಿಸಲಾಗಿತ್ತು. ಇರುವ ವಲಯದಲ್ಲಿ ಹೊಸ ದಾಖಲೆ ಸೇರಿದರೆ ಅದು ಎರಡನೆಯದಕ್ಕೆ ತಾನಾಗಿ ಹರಿದುಹೋಗುತ್ತದೆ, ಆದರೆ ವಲಯವೇ ಹೊಸದಾದರೆ ಅದನ್ನು ಎರಡನೆಯ ಸರ್ವರಿನ ಸಂರಚನೆಯಲ್ಲೂ ಬರೆಯಬೇಕು. ಅದು ಬಿಟ್ಟುಹೋಗಿತ್ತು. ಅಲ್ಲಿದ್ದ ಬೈಂಡ್ ಎಂಬ ಡಿಎನ್‌ಎಸ್ ತಂತ್ರಾಂಶ, ಖಾಸಗಿ ವಿಳಾಸಗಳ ಪ್ರಶ್ನೆಗಳು ಹೊರಗಿನ ಅಂತರ್ಜಾಲಕ್ಕೆ ಸೋರದಂತೆ, ಆ ಶ್ರೇಣಿಗೆ ಖಾಲಿ ವಲಯವನ್ನು ತಾನೇ ಇಟ್ಟುಕೊಂಡು ‘ಇಲ್ಲ’ ಎಂದು ಉತ್ತರಿಸುತ್ತದೆ. ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು.

ಮೊದಲನೆಯ ಸರ್ವರ್ ಬೆಳಿಗ್ಗೆ ಏಕೆ ಮೌನವಾಗುತ್ತಿತ್ತು? ಅದೇ ಯಂತ್ರದಲ್ಲಿ ವಾರದ ಕೆಲವು ದಿನ 9 ಗಂಟೆಗೆ ಲಾಗ್ ವಿಶ್ಲೇಷಣೆಯ ಕೆಲಸವೊಂದು ಶುರುವಾಗಿ, ಪ್ರತಿ ಸಾಲಿನ ವಿಳಾಸಕ್ಕೂ ಹೆಸರು ಕೇಳುತ್ತಾ ಡಿಎನ್‌ಎಸ್ ಸೇವೆಯನ್ನು ಅರ್ಧ ಗಂಟೆ ಉಸಿರುಗಟ್ಟಿಸುತ್ತಿತ್ತು. ಅಷ್ಟರಲ್ಲೇ ಜನ ಕೆಲಸಕ್ಕೆ ಬಂದು ಯಂತ್ರ ತೆರೆಯುತ್ತಿದ್ದರು.

ಉಳಿದ ಎರಡು ಒಗಟುಗಳೂ ಇದರೊಂದಿಗೆ ಬಿಡಿಸಿಕೊಂಡವು. ಹೆಸರಿನ ಮಾದರಿಗೆ ಹೊಂದಿಸುವ ಮುನ್ನ ಮೌಂಟ್‌ಡಿ ವಿಳಾಸದಿಂದ ಹೆಸರನ್ನು ಕೇಳಿ, ಆ ಹೆಸರಿನಿಂದ ಮತ್ತೆ ವಿಳಾಸವನ್ನು ಕೇಳಿ, ಎರಡೂ ತಾಳೆಯಾದರೆ ಮಾತ್ರ ನಂಬುತ್ತದೆ. ಹಳೆಯ ಸಬ್‌ನೆಟ್‌ನ ಯಂತ್ರಗಳಿಗೆ ಎರಡನೆಯ ಡಿಎನ್‌ಎಸ್ ಸರ್ವರಿನಲ್ಲಿ ಸರಿಯಾದ ಉತ್ತರ ಇತ್ತು. ಅವು ಎರಡು ಪ್ರಶ್ನೆಗೂ ತಲಾ 5 ಸೆಕೆಂಡ್ ಕಾದು, ಸುಮಾರು 10 ಸೆಕೆಂಡಿಗೆ ಮೌಂಟ್ ಆಗುತ್ತಿದ್ದವು. ‘ಲಾಗಿನ್ ನಿಧಾನ’ ಎಂಬ ದೂರು ಅದೇ. ಇನ್ನು ಟೈಮ್‌ಔಟ್‌ಗಳ ವಿಷಯ: ನಮ್ಮ ಸರ್ವರಿನ ಮೌಂಟ್‌ಡಿ ಒಂದೇ ಥ್ರೆಡ್‌ನಲ್ಲಿ ಓಡುತ್ತಿತ್ತು, ಒಬ್ಬರ ಹೆಸರಿಗಾಗಿ ಕಾಯುವಾಗ ಉಳಿದವರೆಲ್ಲ ಸರದಿಯಲ್ಲಿ ನಿಲ್ಲಬೇಕು. ಮೂವತ್ತು ಯಂತ್ರಗಳು ಒಟ್ಟಿಗೆ ಬಂದರೆ, ಒಬ್ಬೊಬ್ಬರಿಗೆ 5 ಸೆಕೆಂಡ್ ಎಂದರೂ ಕೊನೆಯವರ ಸರದಿ ಬರುವುದು 150 ಸೆಕೆಂಡಿನ ಹತ್ತಿರ. ಕ್ಲೈಂಟ್ ಪ್ರಯತ್ನಿಸುವುದು 120 ಸೆಕೆಂಡ್ ಮಾತ್ರ.

ದುರಸ್ತಿಗೆ ಮುನ್ನ ಒಂದು ತೀರ್ಮಾನ

ಕಾರಣ ಸಿಕ್ಕ ಸಂಜೆ ತಂಡದಲ್ಲಿ ಚರ್ಚೆ ನಡೆಯಿತು. ವಲಯವನ್ನು ಎರಡನೆಯ ಸರ್ವರಿಗೆ ಸೇರಿಸಿಬಿಟ್ಟರೆ ಮುಗಿಯಿತು, ಬಳಕೆದಾರರು ಈಗಾಗಲೇ ಸಾಕಷ್ಟು ತೊಂದರೆ ಅನುಭವಿಸಿದ್ದಾರೆ ಎಂಬುದು ಒಂದು ವಾದ. ಮೊದಲು ದೋಷವನ್ನು ನಾವೇ ಬೇಕೆಂದು ಮರುಸೃಷ್ಟಿಸಿ ನೋಡೋಣ ಎಂಬುದು ಇನ್ನೊಂದು. ಬಿಟ್ಟುಬಿಟ್ಟು ಬರುವ ದೋಷದಲ್ಲಿ, ದುರಸ್ತಿಯ ನಂತರ ನಾಲ್ಕು ದಿನ ದೂರು ಬಾರದಿದ್ದರೆ ಅದು ದುರಸ್ತಿಯಿಂದಲೋ ಕಾಕತಾಳೀಯವಾಗಿಯೋ ಎಂದು ಹೇಳಲಾಗದು. ಮರುಪ್ರಾರಂಭದ ವಿಷಯದಲ್ಲಿ ನಾವು ಹಾಗೆಯೇ ಮೋಸಹೋಗಿದ್ದೆವು. ಎರಡನೆಯ ವಾದವೇ ಗೆದ್ದಿತು.

ಅಂದು ರಾತ್ರಿ ಫೈಲ್ ಸರ್ವರಿನಲ್ಲಿ, ಮೊದಲನೆಯ ಡಿಎನ್‌ಎಸ್ ಸರ್ವರಿಗೆ ಹೋಗುವ 53ನೇ ಪೋರ್ಟಿನ ಸಂಚಾರವನ್ನು ಮಾತ್ರ ತಡೆದೆವು. ಹೊಸ ಸಬ್‌ನೆಟ್‌ನ ಯಂತ್ರದಿಂದ ಹತ್ತು ಬಾರಿ ಮೌಂಟ್ ಮಾಡಿದರೆ ಹತ್ತೂ ಬಾರಿ 5 ಸೆಕೆಂಡಿಗೆ ನಿರಾಕರಣೆ. ಹಳೆಯದರಿಂದ ಹತ್ತು ಬಾರಿ ಮಾಡಿದರೆ ಹತ್ತೂ ಬಾರಿ 10 ಸೆಕೆಂಡಿನ ಆಸುಪಾಸಿನಲ್ಲಿ ಯಶಸ್ಸು. ತಡೆ ತೆಗೆದ ಒಡನೆ ಎರಡೂ ಕಡೆ ಕ್ಷಣಮಾತ್ರದಲ್ಲಿ ಮೌಂಟ್. ಮೂರು ವಾರ ಮನಬಂದಂತೆ ಬಂದುಹೋಗುತ್ತಿದ್ದ ದೋಷ ಅಂದು ನಾವು ಕರೆದಾಗ ಬಂದು, ಕಳಿಸಿದಾಗ ಹೋಯಿತು.

ದುರಸ್ತಿ ಮತ್ತು ಉಳಿದುಹೋದ ಒಂದು ಸಾಲು

ಬಿಟ್ಟುಹೋಗಿದ್ದ ವಲಯವನ್ನು ಸೇರಿಸಿದ್ದು, ಲಾಗ್ ವಿಶ್ಲೇಷಣೆಯನ್ನು ಬೇರೆ ಯಂತ್ರಕ್ಕೆ ಸಾಗಿಸಿದ್ದು, ಮೌಂಟ್‌ಡಿಗೆ ಹೆಚ್ಚು ಥ್ರೆಡ್ ಕೊಟ್ಟಿದ್ದು, ಇವು ಒಂದೇ ದಿನದಲ್ಲಿ ಮುಗಿದವು. ಆದರೆ ಕಡತ ಹಂಚುವ ಸೇವೆ ಹೆಸರು ಹೇಳುವ ಸೇವೆಯ ಮೇಲೆ ಇಷ್ಟು ಅವಲಂಬಿತವಾಗಿರುವುದು ಬೇಡವೆಂದು, ಎಕ್ಸ್‌ಪೋರ್ಟ್ ಕಡತದ ಹೆಸರಿನ ಮಾದರಿಗಳನ್ನು ತೆಗೆದು ಎರಡು ಸಬ್‌ನೆಟ್‌ಗಳ ಸಂಖ್ಯಾ ವಿಳಾಸಗಳನ್ನೇ ಬರೆದೆವು. ಸಬ್‌ನೆಟ್‌ನೊಳಗೆ ಬಂದ ಯಾವ ಯಂತ್ರಕ್ಕೂ ಬಾಗಿಲು ತೆರೆಯುತ್ತದೆಯಲ್ಲ ಎಂಬ ಆಕ್ಷೇಪ ಬಂತು, ಅದು ನ್ಯಾಯವಾದದ್ದೇ. ಆದರೆ ಡಿಎನ್‌ಎಸ್ ಹೇಳಿದ ಹೆಸರನ್ನು ನಂಬುವುದು ಅದಕ್ಕಿಂತ ಗಟ್ಟಿಯಾದ ಕಾವಲಲ್ಲ. ನಿಜವಾದ ಕಾವಲು ಬೇಕಾದರೆ ಗುರುತನ್ನು ಗುಪ್ತಲಿಪಿಯಿಂದ ಸಾಬೀತುಪಡಿಸುವ ಕರ್ಬರೋಸ್ ದೃಢೀಕರಣಕ್ಕೆ ಹೋಗಬೇಕು; ಅದನ್ನು ಬೇರೆ ಯೋಜನೆಯಾಗಿ ಕೈಗೆತ್ತಿಕೊಳ್ಳಲು ತೀರ್ಮಾನಿಸಲಾಯಿತು. ನಾಲ್ಕನೇ ಆವೃತ್ತಿಗೆ ಹೋದರೆ ಸಾಕು ಎಂಬ ಸಲಹೆಯೂ ಬಂದಿತ್ತು. ಅದರಿಂದ 2049 ಒಂದೇ ಪೋರ್ಟ್ ಸಾಕಾಗುತ್ತದೆ ಎಂಬ ಲಾಭ ಇದೆ, ಆದರೆ ಲಿನಕ್ಸ್ ಸರ್ವರಿನಲ್ಲಿ ಯಂತ್ರದ ಗುರುತನ್ನು ತೀರ್ಮಾನಿಸಲು ಕರ್ನಲ್ ಆಗಲೂ ಮೌಂಟ್‌ಡಿಯನ್ನೇ ಕೇಳುತ್ತದೆ. ಈ ದೋಷ ಹಾಗೆಯೇ ಉಳಿಯುತ್ತಿತ್ತು.

ಬದಲಾವಣೆಯ ನಂತರ ರಾತ್ರಿಯ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿದೆವು. ಮೌಂಟ್ ವಿಫಲವಾಗಲಿಲ್ಲ, ಆದರೆ ವಿಳಂಬ ಮಾತ್ರ ಹೋಗಿರಲಿಲ್ಲ! ಹೆಸರನ್ನು ನೋಡುವ ಅಗತ್ಯವೇ ಇಲ್ಲದಾಗ ಸರ್ವರ್ ಏಕೆ ಡಿಎನ್‌ಎಸ್ ಕೇಳುತ್ತಿದೆ ಎಂದು ಅರ್ಥವಾಗದೆ ಎಕ್ಸ್‌ಪೋರ್ಟ್ ಕಡತವನ್ನು ಮತ್ತೆ ಸಾಲುಸಾಲಾಗಿ ಓದಿದೆವು. ಕೆಳಗೆ, ಯಾರೂ ಬಳಸದ ಹಳೆಯ ಡೈರೆಕ್ಟರಿಯೊಂದರ ಎದುರು, ನಕ್ಷತ್ರ ಚಿಹ್ನೆಯ ಒಂದು ಸಾಲು ಉಳಿದಿತ್ತು. ಇಡೀ ಕಡತದಲ್ಲಿ ಹೆಸರಿನ ಮಾದರಿ ಅಥವಾ ನೆಟ್‌ಗ್ರೂಪ್ (ಯಂತ್ರಗಳ ಹೆಸರಿನ ಗುಂಪು) ಒಂದೇ ಒಂದು ಕಡೆ ಇದ್ದರೂ ಸಾಕು, ಮೌಂಟ್‌ಡಿ ಬರುವ ಪ್ರತಿ ಯಂತ್ರದ ಹೆಸರನ್ನೂ ಹುಡುಕುತ್ತದೆ, ಅದು ಕೇಳುತ್ತಿರುವುದು ಯಾವ ಡೈರೆಕ್ಟರಿಯೇ ಆಗಿರಲಿ. ಆ ಸಾಲನ್ನು ಅಳಿಸಿ ಎಕ್ಸ್‌ಪೋರ್ಟ್ ಪಟ್ಟಿಯನ್ನು ಮತ್ತೆ ಓದಿಸಿದ ಮೇಲೆ, ಮೊದಲನೆಯ ಡಿಎನ್‌ಎಸ್ ಸರ್ವರಿನ ದಾರಿ ಮುಚ್ಚಿದ್ದಾಗಲೂ ಉತ್ತರ ಮಿಲಿಸೆಕೆಂಡ್‌ಗಳಲ್ಲಿ ಬಂತು.

ನಂತರ ಬದಲಾದದ್ದು

ದೂರು ಬರೆದುಕೊಳ್ಳುವವರು ಈಗ ‘ಮೌಂಟ್ ಆಗುತ್ತಿಲ್ಲ’ ಎಂದಷ್ಟೇ ಬರೆಯುವುದಿಲ್ಲ. ಪರದೆಯ ಮೇಲಿನ ದೋಷ ಸಂದೇಶವನ್ನು ಅಕ್ಷರಶಃ, ಯಂತ್ರದ ವಿಳಾಸ ಮತ್ತು ಗಂಟೆ ನಿಮಿಷಗಳ ಸಮೇತ ಬರೆಯುತ್ತಾರೆ. ಮೂರು ವಾರದ ದೂರುಗಳಲ್ಲಿ ವಿಳಾಸವೊಂದು ಇದ್ದಿದ್ದರೆ ಸಬ್‌ನೆಟ್‌ನ ನಂಟು ಮೊದಲ ವಾರವೇ ಕಣ್ಣಿಗೆ ಬೀಳುತ್ತಿತ್ತು ಎಂಬುದು ನಮ್ಮೆಲ್ಲರ ಒಮ್ಮತ. ಸೇವೆಯನ್ನು ಮರುಪ್ರಾರಂಭಿಸುವ ಮುನ್ನ ಐದು ನಿಮಿಷ ಪ್ಯಾಕೆಟ್ ಹಿಡಿದಿಡುವುದು ಕಡ್ಡಾಯವಾಗಿದೆ. ಹಿಡಿಯುವಾಗ ಫೈಲ್ ಸೇವೆಯ ಪೋರ್ಟ್‌ಗಳ ಜೊತೆ 53 ಕೂಡ ಇರಲೇಬೇಕು.

ಹೊಸ ಸಬ್‌ನೆಟ್ ತೆರೆಯುವಾಗಿನ ಪರೀಕ್ಷೆಯೂ ಬದಲಾಗಿದೆ. ಮೊದಲು ಒಂದು ಯಂತ್ರದಿಂದ ಮೌಂಟ್ ಆದರೆ ಸಾಕೆಂದು ಬಿಡುತ್ತಿದ್ದೆವು, ಆಗ ಉತ್ತರ ಕೊಡುತ್ತಿದ್ದದ್ದು ಸದಾ ಮೊದಲನೆಯ ಡಿಎನ್‌ಎಸ್ ಸರ್ವರ್ ಮಾತ್ರ. ಈಗ ಪಟ್ಟಿಯಲ್ಲಿರುವ ಪ್ರತಿಯೊಂದು ಡಿಎನ್‌ಎಸ್ ಸರ್ವರನ್ನೂ ಹೆಸರಿಸಿ, ಹೊಸ ವಿಳಾಸದ ಹೆಸರನ್ನೂ ಆ ಹೆಸರಿನ ವಿಳಾಸವನ್ನೂ ಒಂದೊಂದರಿಂದ ಬೇರೆಬೇರೆಯಾಗಿ ಕೇಳಿ, ಬಂದ ಉತ್ತರಗಳನ್ನು ಅಕ್ಕಪಕ್ಕ ಇಟ್ಟು ತಾಳೆ ನೋಡಿದ ಮೇಲೆಯೇ ಯಂತ್ರಗಳನ್ನು ಬಳಕೆದಾರರಿಗೆ ಒಪ್ಪಿಸುತ್ತೇವೆ.